ಪಾಳಿ

ಸೊಹಾರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಇರುವುದು ಒಂದೇ ಗ್ರಾಫಿಕ್ಸ್ ಕಾರ್ಡು.
ಅದನ್ನು ನಂಬಿಕೊಂಡ ಯಂತ್ರಗಳು ನಾಲ್ಕು.
ಯಂತ್ರಗಳೆಂದರೆ ಮುಟ್ಟಿದರೆ ಸಿಗುವಂಥವಲ್ಲ,
ಒಂದೇ ಕಬ್ಬಿಣದ ಡಬ್ಬಿಯೊಳಗೆ ಒಂದನ್ನೊಂದು ಕಾಣದೆ
ಬದುಕಿರುವ ನಾಲ್ಕು ನೆಪಗಳು.
ಎದೆಯ ಫಿಲಂ ಓದುವುದು ಒಂದು,
ಗೇಟಿನ ಕ್ಯಾಮೆರಾದಲ್ಲಿ ಮುಖ ಹುಡುಕುವುದು ಒಂದು,
ಇನ್ನೊಂದು ಮುರಿದ ಮೂಳೆಗಳ ಚಿತ್ರ ಜೋಡಿಸುತ್ತದೆ.
ನಾಲ್ಕನೆಯದು ಏನು ಮಾಡುತ್ತದೋ ಕೇಳಬೇಡಿ,
ನಾನು ಸೇರುವ ಮೊದಲಿಂದಲೂ ಓಡುತ್ತಿದೆ,
ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ.

ಪ್ರತಿಯೊಂದಕ್ಕೂ ಗೊತ್ತಿರುವುದು ಇಷ್ಟೇ: ಕಾರ್ಡು ನನ್ನದು.
ಕೇಳಿದಾಗ ಕೈಗೆ ಬರುತ್ತದೆ; ಬರುವ ಮುಂಚಿನ
ಎವೆಯಿಕ್ಕುವಷ್ಟು ತಡವನ್ನು
ಅವು ಕಾಲವೆಂದು ಎಣಿಸುವುದೇ ಇಲ್ಲ.
ನಮ್ಮ ಕಸುಬಿನಲ್ಲಿ ಅವಕ್ಕೆ ಅತಿಥಿಗಳೆಂದು ಹೆಸರು,
ಹೊತ್ತುಕೊಂಡ ಡಬ್ಬಿ ಆತಿಥೇಯ.
ನನಗೂ ಒಬ್ಬ ಕಫೀಲನಿದ್ದಾನೆ.
ಮುಖ ಕಂಡಿಲ್ಲ.

ಫಲಜ್ ಅಲ್ ಖಬಾಯಿಲ್‌ನ ಖೋಲಿಯಲ್ಲಿ ಮಂಚ ಒಂದು.
ರಾತ್ರಿ ಯಮನೂರಪ್ಪನದು, ಹಗಲು ನನ್ನದು.
ಬಂದರಿನಲ್ಲಿ ಕ್ರೇನು ನಡೆಸುವ ಕುಷ್ಟಗಿಯವನು
ಬಾಗಿಲಲ್ಲಿ ಸಿಗುತ್ತಾನೆ, ಅವನು ಹೊರಕ್ಕೆ, ನಾನು ಒಳಕ್ಕೆ.
'ಹಾಸಿಗಿ ಬೆಚ್ಚಗೈತಿ ನೋಡಪಾ, ಲಗೂ ಮಕ್ಕೋ.'
ಒಂದು ವರ್ಷದಲ್ಲಿ ನಾವು ಆಡಿದ್ದೆಲ್ಲ ಕೂಡಿಸಿದರೆ
ಒಂದು ಗ್ಲಾಸು ಕರಕ್ ಆರುವಷ್ಟು ಹೊತ್ತು.
ಅವನ ದಿಂಬಿಗೆ ಗ್ರೀಸಿನ ವಾಸನೆ,
ನನ್ನದಕ್ಕೆ ಏನೋ, ಅವನೇ ಬಲ್ಲ.

ಕಾವಲಿನ ಖಲ್ಫಾನ್‌ಗೆ ನನ್ನ ಕೆಲಸ ವಿವರಿಸಲು ಹೋಗಿ
ಒಮ್ಮೆ ಸೋತೆ. ಅವನೇ ಗೆದ್ದ.
'ಬೆಟ್ಟದ ಬುಡದ ನಮ್ಮೂರಿಗೆ ಕಾಲುವೆ ಒಂದೇ.
ಹಗಲು ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ
ಒಬ್ಬನ ಮಡೆ ಮುಚ್ಚಿ ಇನ್ನೊಬ್ಬನದು ತೆರೆಯುವರು.
ಅರ್ಧ ಗಂಟೆಯ ನೀರಿಗೆ ಅಥರ್ ಅನ್ನುತ್ತೇವೆ.
ಅಪ್ಪನಿಗೆ ಮೂರು ಅಥರ್ ಇತ್ತು, ಖರ್ಜೂರದ ಮರ ಹನ್ನೊಂದು.'
ನನ್ನ ಕೈಪಿಡಿಯ ನಾನೂರು ಪುಟ ಅಲ್ಲಿಗೆ ಮುಗಿಯಿತು.

ಆಗಸ್ಟಿನಲ್ಲಿ ಯಮನೂರಪ್ಪನಿಗೆ ಜ್ವರ.
ಬೆಳಗ್ಗೆ ಆರೂವರೆಗೆ, ಮಂಜಾದ ಕನ್ನಡಕ ಒರೆಸುತ್ತ
ಬಾಗಿಲು ತೆರೆದರೆ, ಹಾಸಿಗೆ ಖಾಲಿಯಿಲ್ಲ.
ಪರದೆಯ ಮೇಲೆ ನೂರು ಸಲ ಓದಿದ ಸಾಲು:
ಸಾಧನ ಬಳಕೆಯಲ್ಲಿದೆ.
'ಏಳ್ತೀನಿ ತಡಿಯಪಾ' ಅಂತ ಮೊಣಕೈ ಊರಿದ,
ಹಲ್ಲು ಕಟಕಟ ಅಂದವು.

ಹಂಚದೆ, ಇಡಿಯಾಗಿ ಒಬ್ಬನಿಗೇ ದಾಟಿಸುವ ಕ್ರಮವೂ ಉಂಟು.
ಆಗ ಉಳಿದವರ ಪಾಲಿಗೆ ಆ ಸಾಧನ ಹುಟ್ಟಿಯೇ ಇಲ್ಲ.

ಮಲಗು ಅಂದೆ.

ಮೂರು ಹಗಲು ಸರ್ವರ್‌ಗಳ ಬೆನ್ನ ಹಿಂದೆ,
ಬಿಸಿಗಾಳಿ ಹೊರಬೀಳುವ ಓಣಿಯಲ್ಲಿ, ರಟ್ಟು ಹಾಸಿ ಮಲಗಿದೆ.
ಖಲ್ಫಾನ್ ಕಂಡೂ ಕಾಣದವನಂತೆ
ಬೀಗದ ಗೊಂಚಲು ಕುಲುಕಿಕೊಂಡು ಹೋದ.
ಕಿವಿಯ ಹತ್ತಿರ ನಾಲ್ಕು ಅತಿಥಿಗಳು
ಒಂದೇ ಫ್ಯಾನಿನಿಂದ ಉಸಿರು ಬಿಟ್ಟವು.

ನಾಲ್ಕನೆಯ ದಿನ ನಾನು ಹೋಗುವ ಮೊದಲೇ ಅವನು ಕ್ರೇನಿಗೆ ಹೋಗಿದ್ದ.
ಮಡಿಸಿದ ಚಾದರದ ಮೇಲೆ ಎರಡು ಖುಬ್ಜ್,
ಗುರೆಳ್ಳು ಚಟ್ನಿಪುಡಿಯ ಪೊಟ್ಟಣ.
ಹಾಸಿಗೆ ಮೊದಲ ಬಾರಿ ತಣ್ಣಗಿತ್ತು, ಬರಿದಾಗಿತ್ತು.
ಆಗ ಕಂಡೆ ನಡುವಿನ ತಗ್ಗು.
ನನ್ನ ಸೊಂಟಕ್ಕೆ ಹೊಂದದು. ಅವನದಕ್ಕಿಂತ ಕಿರಿದು.
ನಮಗಿಂತ ಹಿಂದೆ ಮಲಗೆದ್ದು ಹೋದ ಯಾರದೋ.
ಕೆಲವು ಕಾರ್ಡುಗಳೂ ಹೀಗೆ,
ಹಿಡಿದವನು ಬಿಟ್ಟುಹೋದ ಮೇಲೂ ಮೊದಲಿನಂತಾಗವು;
ಇಡೀ ಡಬ್ಬಿಯನ್ನೇ ಆರಿಸಿ ಹಚ್ಚಬೇಕು.

ರಾತ್ರಿ ಖಲ್ಫಾನ್‌ಗೆ ಹೇಳಿದೆ. ಗಡ್ಡ ಕೆರೆದುಕೊಂಡ.
'ಅಥರ್ ಅಂದರೆ ಪಾಲು ಮಾತ್ರ ಅಲ್ಲ,
ನಡೆದುಹೋದವನ ಹಿಂದೆ
ಮರಳಲ್ಲಿ ಉಳಿಯುತ್ತದಲ್ಲ, ಅದಕ್ಕೂ ಅದೇ ಮಾತು.'

ಮರುದಿನ ಹಾಸಿಗೆ ಮತ್ತೆ ಬೆಚ್ಚಗಿತ್ತು.
ತಗ್ಗಿಗೆ ಮಗ್ಗುಲಾದೆ.
ನಿದ್ದೆ ಬರುವ ಮುಂಚೆ
ಎವೆಯಿಕ್ಕುವಷ್ಟು ತಡ.