ಹದಿನೇಳನೇ ಗುಂಡಿ

ಆವರಗೆರೆ ದಾಟಿದರೆ ಎರೆಮಣ್ಣು.
ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ.
ಹಳೇ ಶಾಲೆಯ ಗೋಡೆಬಿರುಕಿನಲ್ಲಿ
ಮಕ್ಕಳು ಬಳಪ ಬಚ್ಚಿಡುತ್ತಿದ್ದರು,
ಶ್ರಾವಣಕ್ಕೆ ಗೋಡೆ ಅದನ್ನು ಕಚ್ಚಿಕೊಳ್ಳುತ್ತಿತ್ತು.

ಹೊಸ ಶಾಲೆಗೆ ಮೊದಲು ಕಂಬ ಕೆಳಗೆ ಹೋಗಬೇಕು.
ದಾದಾಪೀರ್ ಮೇಸ್ತ್ರಿ ಬೈರಿಗೆಯ ಹಿಡಿ ತಿರುವುತ್ತಾ ಅಂದ:
'ದುರ್ಗದಾಗೆ ಎರಡು ಮೊಳಕ್ಕೇ ಬಂಡೆ,
ಪೈಲು ಅಂದ್ರೆ ನಗ್ತಾರೆ.
ಬಂದರಿನ ಕಡೆ ಸುತ್ತಿಗೆ ಬಡಿದು ಇಳಿಸ್ತಾರೆ,
ಊರಿಗೆಲ್ಲ ಕೇಳ್ತದೆ.
ಕೆಲವು ಬಂಡೆ ಮೇಲೆ ಕಾಲೂರ್ತಾವೆ,
ಕೆಲವು ಸುತ್ತಲ ಮಣ್ಣನ್ನ ಅಪ್ಪಿಕೊಂಡೇ ನಿಲ್ತಾವೆ.
ನಮ್ಮದು ಹೊಟ್ಟೆಯಿಂದ ನಿಲ್ಲೋದು.'

ಹನ್ನೆರಡು ಅಡಿ ಕೆಳಗೆ ಬಕೆಟ್ಟು ರೆಕ್ಕೆ ಬಿಚ್ಚಿ
ಸುತ್ತಲೂ ಕೆರೆಯುತ್ತದೆ.
ಜೋಳದ ಹಗೇವಿನ ಹಾಗೆ,
ಬಾಯಿ ಕಿರಿದು, ಒಡಲು ಹಿರಿದು.

ಓಬಕ್ಕ ಎಲೆಅಡಿಕೆ ಚೀಲದಿಂದ ಕನ್ನಡಿ ತೆಗೆದು
ಬಿಸಿಲು ಹಿಡಿದು ಒಳಗೆ ಸುರಿದಳು.
ಹದಿನಾರರಲ್ಲೂ ಹೊಟ್ಟೆ ಇತ್ತು.
ಹದಿನೇಳರಲ್ಲಿ ಬೆಳಕು ನೆಟ್ಟಗೆ ಇಳಿದು
ತಳ ಮುಟ್ಟಿತು, ಎಲ್ಲೂ ಹರಡಲಿಲ್ಲ.

ಮಿಕ್ಸರ್ ಆಗಲೇ ತಿರುಗುತ್ತಿತ್ತು.
'ಒಂದರಾಗೇನು, ಸುರೀರಪ್ಪ' ಅಂದ ಗುತ್ತಿಗೆದಾರನ ಮಗ.
ನಾನು ಇಂಜಿನಿಯರು, ಕೆಲಸಕ್ಕೆ ಸೇರಿ ಒಂಬತ್ತು ದಿನ,
ಪುಸ್ತಕ ಹಿಡಿದು ನಿಂತಿದ್ದೆ.
ಓಬಕ್ಕ ಗುಂಡಿಯ ಬಾಯಿಗೆ ಅಡ್ಡ ಕೂತು
ಎಲೆಗೆ ಸುಣ್ಣ ಹಚ್ಚತೊಡಗಿದಳು.

ಮತ್ತೆ ಕೊರೆದರು. ಹೊತ್ತು ಮುಳುಗಿತು,
ಕನ್ನಡಿಗೆ ಏನೂ ಸಿಗಲಿಲ್ಲ.
ದಾದಾಪೀರ್ ಬ್ಯಾಟರಿಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟ.
ಕಂಡೆವು, ಕಪ್ಪು ಮಣ್ಣಿನೊಳಗೆ ದುಂಡನೆಯ ಕತ್ತಲು.

ಪುಸ್ತಕದಲ್ಲಿ ಹದಿನೇಳರ ಎದುರು 'ಸರಿ' ಅಂತ ಬರೆದೆ.
ಓದು ಬಾರದ ಓಬಕ್ಕ ಬಾಗಿ ನೋಡಿದಳು.
'ಇಷ್ಟೇನಾ ಬರೆಯೋದು?' ಅಂದಳು.