ತವರದ ಪಾಲು

ಪೀಣ್ಯ ಎರಡನೇ ಹಂತ, ಪಂಪಿನ ಬುಷ್ಷು ಎರೆಯುವ ನಮ್ಮ ಶೆಡ್ಡು.
ಹೆಣ್ಣೂರಿಂದ ಆಟೋದಲ್ಲಿ ಬಂದಳು ಯೂನ್ ಸೂಕ್-ಹೀ ಎಂಬಾಕೆ.
ಮಡಿಲಲ್ಲಿ ಟವೆಲು ಸುತ್ತಿದ ಗಂಟೆ.
ಬಾಣಂತಿ ಆಸ್ಪತ್ರೆಯಿಂದ ಬಂದಂತೆ
ಇಳಿದಳು, ನಿಧಾನ.

ಬಾಯಿಂದ ಭುಜದವರೆಗೆ ಬಿರುಕು.
"ಅಪ್ಪ ಎರೆದದ್ದು. ಕರಗಿಸಿ ಮತ್ತೆ ಮಾಡಿ.
ಇದೇ ಕಂಚು. ಬೇರೆ ಬೆರೆಸಬೇಡಿ"
ಎಂದಳು ಮೊಬೈಲಿನೊಳಗಿನ ಹೆಂಗಸು,
ವಾರ್ತೆ ಓದುವ ಕನ್ನಡದಲ್ಲಿ.

ಮೋನಪ್ಪಾಚಾರ್ರು ಬೆರಳ ಗೆಣ್ಣಿನಿಂದ ತಟ್ಟಿದರು.
ಗಂಟೆ ಕೆಮ್ಮಿತು.
"ತವರ ಜಾಸ್ತಿ ಹಾಕವ್ರೆ ನಿಮ್ಮಪ್ಪ,
ಚೆನ್ನಾಗಿ ಕೂಗ್ಲಿ ಅಂತ. ಅದ್ಕೇ ಒಡೀತು."

ನಾನು ಲೆಕ್ಕದವಳು. ನನಗೆ ಗೊತ್ತಿರುವುದು
ತಾಮ್ರದ ದರ, ತವರದ ದರ.
ಆದರೂ ಆ ದಿನ ಖಾತೆಯ ಅಂಚಿಗೆ ಬರೆದಿಟ್ಟೆ:
ತಾಮ್ರ ಒಂಟಿಯಿದ್ದರೆ ಬಾಗುತ್ತದೆ, ಮಾತಿಲ್ಲ.
ತವರ ಸೇರಿದರೆ ದನಿ.
ಹೆಚ್ಚಾದರೆ ಬಿರುಕು.
(ತವರಿಗೆ ಹೋಗಿ ನನಗೆ ಏಳು ವರ್ಷವಾಯಿತು.)

ಮೂಸೆ ಕಾಯುವ ಹೊತ್ತಿನಲ್ಲಿ ಆಕೆ ಚಿತ್ರ ತೋರಿಸಿದಳು.
ಚೀನಾದ ಮುಕ್ಕಾಲಿ ಪಾತ್ರೆ: ಮೇಣವೇ ಇಲ್ಲ,
ಮಣ್ಣಿನ ಅಚ್ಚನ್ನೇ ಹೋಳು ಹೋಳು ಕೊಯ್ದು ಸುಟ್ಟು
ತೊಳೆ ತೊಳೆ ಕೂಡಿಸಿ ಮತ್ತೆ ಹಲಸು ಮಾಡಿದ ಹಾಗೆ.
ಸಂದಿನಲ್ಲಿ ಒಸರಿದ ಕಂಚು ಏಣಾಗಿ ನಿಂತಿದೆ
ಮೂರು ಸಾವಿರ ವರ್ಷ. ಅರ ಹಾಕಿ ಉಜ್ಜದೆ
ಅದನ್ನೇ ಅಲಂಕಾರ ಮಾಡಿಕೊಂಡರಂತೆ.
ಜಪಾನಿನ ಬುದ್ಧ: ಬುಡದಿಂದ ಮೇಲಕ್ಕೆ ಎಂಟು ಸುತ್ತು.
ಒಂದು ಸುತ್ತು ಆರಿದ ಮೇಲೆ ಸುತ್ತ ಮಣ್ಣೇರಿಸಿ
ಇನ್ನೊಂದು. ಕೊನೆಗೆ ಗುಡ್ಡ ಅಗೆದರೆ
ಒಳಗೆ ಕೂತಿದ್ದ.
"ಬಾವಿಗೆ ರಿಂಗ್ ಇಳಿಸ್ದಂಗೆ. ಆದ್ರೆ ಮೇಲಕ್ಕೆ"
ಅಂದರು ಆಚಾರ್ರು.

ಅವಳ ನಾಡಿನ ಒಂದು ಗಂಟೆಯಲ್ಲಿ ಮಗು ಇದೆಯಂತೆ.
ಎಷ್ಟು ಎರೆದರೂ ದನಿ ಕೂಡದೆ ಕುದಿಯುವ ಕಂಚಿಗೆ ಹಾಕಿದರಂತೆ.
ಇಂದಿಗೂ ತಾಯನ್ನು ಕರೆಯುತ್ತದಂತೆ.
ಶೆಡ್ಡು ಸುಮ್ಮನಾಯಿತು. ಕೆರೆಗೆ ಸೊಸೆಯನ್ನು ಕೊಟ್ಟ
ನಾಡಿನವರು ನಾವೂ.
ಆಚಾರ್ರು ಮಾತ್ರ, ಕಿಟ್ಟ ತೆಗೆಯುತ್ತ:
"ಸುಳ್ಳು. ಮೂಳೆ ಬಿದ್ದಿದ್ರೆ ಗುಳ್ಳೆ ಎದ್ದು ಎರಕ ಕೆಡ್ತಿತ್ತು."

ಹುತ್ತದ ಮಣ್ಣು, ಭತ್ತದ ಹೊಟ್ಟು, ಜೇನುಮೇಣ.
ಮೊದಲ ಎರಕ ಲೇತಿನಲ್ಲಿ ತಿರುವಿದಷ್ಟು ದುಂಡಗೆ ಬಂತು.
ತಟ್ಟಿದರೆ ಗಣ್. ನೇರ. ಶಾಲೆ ಬಿಟ್ಟ ಸದ್ದು.
ಆಕೆ ತಲೆಯಾಡಿಸಿದಳು.
ಅಂಗೈ ಎದೆಯ ಮೇಲಿಟ್ಟು ತೋರಿಸಿದಳು:
ಏರಿ, ಇಳಿದು, ಏರಿ, ಇಳಿದು.
ಮೊಬೈಲಿಗೆ ಆ ಪದ ಗೊತ್ತಿರಲಿಲ್ಲ.

ಆಚಾರ್ರು ಒಂದು ಬೀಡಿಯಷ್ಟು ಹೊತ್ತು ಕೂತರು.
"ಎರಡ್ನೇ ಸಲ ಕರಗ್ಸಿದ್ರೆ ತವರ ಉರ್ದೋಗ್ತದೆ.
ಚೂರು ನಮ್ದು ಹಾಕ್ಬೇಕು."
ಮೊಬೈಲು ಏನೋ ಹೇಳಿತು. ಆಕೆ ನನ್ನ ಮುಖ ನೋಡಿ ಏನೋ ಕೇಳಿದಳು.
ವಾರ್ತೆಯ ಹೆಂಗಸು: "ನಿಮ್ಮ ತಾಯಿಯ ಮನೆಯನ್ನು
ಇದರಲ್ಲಿ ಸೇರಿಸಬೇಕೇ?"
ಯಾರೂ ನಗಲಿಲ್ಲ.
ಹೌದು ಅಂದೆ. ಸ್ವಲ್ಪ.

ಐವತ್ತು ವರ್ಷ ದಪ್ಪ-ತೆಳುವಾದ ಬುಷ್ಷುಗಳನ್ನೆಲ್ಲ
ರಿಜೆಕ್ಟ್ ಡಬ್ಬಿಗೆ ಎಸೆದ ಕೈ
ಮೇಣದ ಗಂಟೆಯ ಒಂದು ಮಗ್ಗುಲಿಗೆ
ಹೆಬ್ಬೆರಳಷ್ಟು ಮೇಣ ಮೆತ್ತಿತು,
ಬೇಕೆಂದೇ, ಓರೆಯಾಗಿ.

ಅಚ್ಚು ಒಡೆದ ದಿನ ಜಾಲಹಳ್ಳಿ ಕ್ರಾಸಿನಲ್ಲಿ ಲಾರಿಗಳ ಸಾಲು.
ಅಷ್ಟು ಹಾರನ್ನಿನ ನಡುವೆಯೂ ಕೇಳಿತು
ಊಂ… ಕ್ಷೀಣವಾಗಿ… ಮತ್ತೆ ಊಂ…
ನಿದ್ದೆಹೋದ ಯಾರದೋ ಉಸಿರು.
ಆಕೆ ಟವೆಲು ಸುತ್ತಿದಳು. ಬಿಲ್ಲು ಕೇಳಿದಳು.

ಮಣ್ಣು ಇಷ್ಟು, ಮೇಣ ಇಷ್ಟು, ಕೂಲಿ ಎರಡು ಎರಕಕ್ಕೆ.
ತವರ, ನಮ್ಮದು, ನೂರ ಎಂಬತ್ತು ಗ್ರಾಂ.
ದರದ ಕಾಲಂ ಖಾಲಿ ಬಿಟ್ಟೆ.
ಆಡಿಟರು ಬಂದಾಗ ಏನಾದರೂ ಹೇಳಿದರಾಯಿತು.