ಟಾವೆಲ್ ಹಾಕಿದವರ ಸೀಟು

ಆಷಾಢದಾಗ ನಮ್ಮ ಪ್ರೆಸ್ಸು ಖಾಲಿ.
ಲಗ್ನ ಇಲ್ಲ, ಲಗ್ನಪತ್ರ ಇಲ್ಲ,
ಗಾಂಧಿ ಚೌಕದ ಹಿಂದಿನ ಓಣಿಯಾಗ
ಕಟಿಂಗ್ ಮಷೀನು ಬಾಯಿ ತಕ್ಕೊಂಡು ಕುಂತಿತ್ತು.
ಆವಾಗ ಹೊಳೀತು ಆಟ:
ಒಂದು ಕೆಂಪು ಬಸ್ಸು, ನಲವತ್ತೆಂಟು ಸೀಟು,
ವಿಜಯಪುರದಿಂದ ಇಂಡಿಗೆ.
ಕಿಟಕಿಯಿಂದ ಟಾವೆಲ್ ಒಗದವರದ ಸೀಟು.

ಸೋಲಾಪುರದಿಂದ ಕಿಲೋ ಲೆಕ್ಕದಾಗ
ಟಾವೆಲ್ಲಿನ ಅಂಚು ತರಿಸಿ ಕತ್ತರಿಸಿದೆ,
ಹೆಬ್ಬೆರಳಿನಷ್ಟು ಅಗಲ, ಆರು ಬಣ್ಣ.
ನೀಲಿ ಮಾತ್ರ ತೊಳದರ ಬಣ್ಣ ಬಿಡತೈತಿ.
ಯಾರು ತೊಳೀತಾರ, ಬಿಡು.

ಚಿತ್ರ ಬರದಾಕಿ ರುಕ್ಸಾನಾ ಇನಾಮದಾರ.
ಕುರಿಮರಿ ಎತ್ತಿಕೊಂಡ ಮುದುಕ,
ಪರೀಕ್ಷೆಗೆ ಹೊಂಟ ಮೂರು ಹುಡುಗ್ಯಾರು,
ಮಿಕ್ಸರ್ ರಿಪೇರಿಗೆ ಒಯ್ಯೋ ಹೆಣ್ಣುಮಗಳು,
ಎಲ್ಲಾರಿಗೂ ಒಂದೊಂದು ಮುಖ ಕೊಟ್ಟಳು,
ಕಂಡಕ್ಟರಗ ಮಾತ್ರ ಬೆನ್ನು.
ಯಾಕ ಅಂದರ,
"ಅವ ಯಾವತ್ತರೆ ನಮ್ಮ ಕಡೆ ನೋಡ್ಯಾನೇನು?"

ಮೊದಲ ಸಲ ಆಡಿಸಿದ್ದು
ರಿಟೈರ್ಡ್ ಕಂಡಕ್ಟರ್ ಚಿದಾನಂದಪ್ಪ ಹಲಸಂಗಿಯವರ ಕಟ್ಟಿಮ್ಯಾಲ.
ನಿಯಮ ಯಾರೂ ಓದಲಿಲ್ಲ.
ಟಾವೆಲ್ಲಿನ ಮ್ಯಾಲ ಟಾವೆಲ್ ಹಾಕಿದರು,
ಮಂದಿದು ಮೆಲ್ಲಕ ಸರಿಸಿದರು,
"ನಮ್ಮವರು ಬರೋರದಾರ" ಅಂತ
ಐದು ಸೀಟು ಹಿಡದು ಕುಂತಳು ನೀಲವ್ವ.
ನೋಟಬುಕ್ಕಿನಾಗ ಬರಕೊಂಡೆ:
ಇದು ತಪ್ಪಲ್ಲ, ಇದ ಆಟ.

ತೊಡಕಾದದ್ದು ಹನ್ನೊಂದನೇ ಚೀಟಿ.
'ಬಸುರಿ ಹತ್ತಿದಳು. ಎದ್ದವರಿಗೆ ಎರಡು ಅಂಕ.'
ಹತ್ತೊಂಬತ್ತು ಸಲ ಆಡಿಸಿದೆ, ಯಾರೂ ಏಳಲಿಲ್ಲ.
ಎರಡು ಇದ್ದದ್ದು ಆರು ಮಾಡಿದೆ,
ಎಲ್ಲಾರೂ ಒಮ್ಮೆಲೆ ಎದ್ದರು,
ಇಡೀ ಬಸ್ಸಿನಾಗ ಆಕಿ ಒಬ್ಬಾಕಿನ.
ಚಿದಾನಂದಪ್ಪ ಎಲಿಗೆ ಸುಣ್ಣ ಹಚ್ಚಿಕೋತ ಅಂದರು:
"ಅಂಕ ತಗೀ. ಏನೂ ಕೊಡಬ್ಯಾಡ.
ಮೂವತ್ತೊಂದು ವರ್ಷ ನೋಡೇನಿ,
ಏಳೋರು ಏಳ್ತಾರ."
ತಗದೆ. ಆ ಸಂಜಿ
ಗೆಲ್ಲೋದರಾಗಿದ್ದ ನೀಲವ್ವ
ಬೈಕೋತ ಬೈಕೋತ ಎದ್ದಳು.
ಮರುದಿನ ಮತ್ತ ಏಳಲಿಲ್ಲ.
ಚೀಟಿ ಹಂಗ ಇಟ್ಟೆ.

ಐನೂರು ಡಬ್ಬಿ.
ಒಂದಕ್ಕ ನೂರಾ ಎಂಬತ್ತಾರು ಬಿತ್ತು,
ನನ್ನ ದುಡಿಮಿ ಹಿಡೀದ.
ಒಳಗ ಅಂಟಿಸಿದ್ದು ನಿಂತುಹೋದ ಲಗ್ನದ ಪತ್ರ:
ದೇವರಹಿಪ್ಪರಗಿಯವರು, ರೊಕ್ಕ ಕೊಟ್ಟಿದ್ದರು,
ಒಯ್ಯಾಕ ಬರಲಿಲ್ಲ.
ಈಗ ಮುಚ್ಚಳ ತಗದರ ಬಂಗಾರದ ಅಕ್ಷರ,
ತಾವು ಸಹಕುಟುಂಬ ಆಗಮಿಸಬೇಕು.

ಪೋರವಾಲ ಶೇಠರು ಡಬ್ಬಿ ಅಲ್ಲಾಡಿಸಿ ನೋಡಿದರು.
"ಹಿಂದಗಡೆ ಹಾವು-ಏಣಿ ಹಾಕ್ರಿ, ಹೋಗ್ತಾವ.
ರೊಕ್ಕ ಮಾರಿದ ಮ್ಯಾಲ.
ಉಳದರ ನಿಮ್ಮವು ನಿಮಗ."
ಹಾವು-ಏಣಿ ಹಾಕಲಿಲ್ಲ.
ಹೆಮ್ಮಿಗಂತ ಅಲ್ಲ,
ಹಿಂದಗಡೆ ಛಾಪಿಸಾಕ ಮಸಿ ಇರಲಿಲ್ಲ.

ಶ್ರಾವಣ ಬಂತು. ಮಷೀನು ಮತ್ತ ಲಗ್ನಕ್ಕ ಹತ್ತಿತು.
ಮಾರಿದವು ಮೂವತ್ತೊಂಬತ್ತು,
ಅದರಾಗ ಏಳು ಚಿದಾನಂದಪ್ಪರ ಬೀಗರು ತಗೊಂಡವು.

ಮೊನ್ನೆ ನಲವತ್ತು ಡಬ್ಬಿ ಚೀಲದಾಗ ತುಂಬಿ
ಇಂಡಿಯ ಸಾಲಿಗೆ ತೋರಸೂಣಂತ ಹೊಂಟೆ.
ಸ್ಟ್ಯಾಂಡಿನಾಗ ಬಸ್ ನಿಂದರೂದರಾಗ
ಕಿಟಕಿಯಿಂದ ನನ್ನ ಟಾವೆಲ್ ಒಗದೆ.
ಚೀಲ ಎಳಕೊಂಡು ಒಳಗ ಹೋಗೂದರಾಗ
ಸೀಟಿನಾಗ ಯಾರೋ ಕುಂತಿದ್ದ,
ನನ್ನ ಟಾವೆಲ್ಲಿನಿಂದ ಮಾರಿ ಒರಸಿಕೊಳ್ಳಾಕತ್ತಿದ್ದ.
ಏನಂತ ಕೇಳಲಿ? ನಿಯಮ ಬರದಾಕಿ ನಾನ.

ಕಂಡಕ್ಟರ್ ಚೀಲ ಕಾಲಿಂದ ಮುಟ್ಟಿ ನೋಡಿ
ಲಗೇಜ್ ಟಿಕೆಟ್ ಹರದು ಕೊಟ್ಟ.
ಒಂದು ಡಬ್ಬಿಯ ಲಾಭ ಅಲ್ಲೇ ಇಳೀತು.
ಮುಖ ನೋಡೂಣಂತ ಕಾದೆ,
ಖರೇನ, ಬೆನ್ನ ಕಂಡಿತು.

ನಾಗಠಾಣ ದಾಟಿದ ಮ್ಯಾಲ
ಕಂಬಿಗೆ ಬೆನ್ನು ಕೊಟ್ಟು ನೋಟಬುಕ್ ತಗದೆ.
ಬಸ್ಸು ಕುಣಿಯೂದರಾಗ ಅಕ್ಷರ ಸೊಟ್ಟ ಬಂದವು:
'ನಿಮ್ಮ ಟಾವೆಲ್ ಮತ್ತೊಬ್ಬರ ಕೊರಳಾಗೈತಿ.
ಒಂದು ಸರತಿ ನಿಂತಕೊಳ್ರಿ.'
ಎರಡನೇ ಮುದ್ರಣ ಆದರ ಸೇರಸಬೇಕು.